ಸ್ಲಾಟ್ ಡ್ರೈವ್ ಡಿಸ್ಕ್‌ಗೆ ಗೀರು ಹಾಕುತ್ತಿದೆಯೇ? ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಟ್ರೇ ಇಲ್ಲದೆ, ಸೀಳಿನಂಥ ಸಣ್ಣ ಬಾಯಿಯೊಳಕ್ಕೆ ಡಿಸ್ಕನ್ನು ತಾನೇ ಎಳೆದುಕೊಳ್ಳುವ ಡ್ರೈವ್‌ಗೆ ಸ್ಲಾಟ್ ಡ್ರೈವ್ ಎನ್ನುತ್ತಾರೆ. 1999ರ ಅಕ್ಟೋಬರಿನಲ್ಲಿ ಬಂದ ಐಮ್ಯಾಕ್, 2012ರ ಮಾದರಿಯವರೆಗಿನ ಮ್ಯಾಕ್‌ಬುಕ್ ಪ್ರೊ, ಹಳೆಯ ಮ್ಯಾಕ್ ಮಿನಿ, ಆಪಲ್‌ನ ಯುಎಸ್‌ಬಿ ಸೂಪರ್‌ಡ್ರೈವ್, ಡೆಲ್ ಸ್ಟುಡಿಯೊದಂಥ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಈ ಬಗೆಯ ಡ್ರೈವ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವೇ ಬರುವುದಿಲ್ಲವಾದ್ದರಿಂದ, ಮದುವೆ ಮನೆಯ ವಿಡಿಯೊ, ತಾಳಮದ್ದಳೆಯ ಧ್ವನಿಮುದ್ರಣ, ಶಾಲಾ ವಾರ್ಷಿಕೋತ್ಸವದ ಡಿವಿಡಿಗಳನ್ನು ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಬೇಕೆಂದಾಗ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಇಂಥ ಹಳೆಯ ಯಂತ್ರಗಳೇ ಮತ್ತೆ ಮೇಜಿಗೆ ಬರುತ್ತವೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಡ್ರೈವ್‌ಗೆ, ಬೇರೆ ಪ್ರತಿಯೇ ಇಲ್ಲದ ಡಿಸ್ಕನ್ನು ನೇರವಾಗಿ ತಳ್ಳುವುದು ಅಪಾಯದ ಕೆಲಸ. ಡಿಸ್ಕ್‌ನಲ್ಲಿ ಗೀರು ಕಂಡ ಕೂಡಲೇ ಡ್ರೈವನ್ನು ದೂರುವುದೂ ಅವಸರದ ತೀರ್ಮಾನವೇ. ಗೀರು ಯಾವ ದಿಕ್ಕಿಗೆ, ಯಾವ ಆಕಾರದಲ್ಲಿ ಬಿದ್ದಿದೆ ಎಂಬುದನ್ನು ಗಮನಿಸಿದರೆ, ಅದು ಎಲ್ಲಿ ಬಿತ್ತು ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕೆಳಗಿನ ಪರೀಕ್ಷೆಗಳೆಲ್ಲ ಈ ಒಂದು ಅಂಶದ ಮೇಲೆ ನಿಂತಿವೆ.

ಕೈಹಾಕುವ ಮೊದಲು

ಪರೀಕ್ಷೆಗೆ ಕಳೆದುಹೋದರೂ ನಷ್ಟವಿಲ್ಲದ ಒಂದು ಸಿಡಿ ಮತ್ತು ಒಂದು ಡಿವಿಡಿಯನ್ನು ಆರಿಸಿಕೊಳ್ಳಿ. ಹಿಂದೆ ಕಂಪ್ಯೂಟರ್ ಪತ್ರಿಕೆಗಳ ಜೊತೆಗೆ ಉಚಿತವಾಗಿ ಬರುತ್ತಿದ್ದ ಡಿಸ್ಕ್‌ಗಳು ಇದಕ್ಕೆ ಸಾಕು. ಅವು 120 ಮಿ.ಮೀ. ವ್ಯಾಸದ ಪೂರ್ಣ ಗಾತ್ರದವಾಗಿರಬೇಕು, ಮೇಲೆ ಕಾಗದದ ಸ್ಟಿಕ್ಕರ್ ಇರಬಾರದು, ಅಂಚಿನಲ್ಲಿ ಬಿರುಕು ಇರಬಾರದು. ಹೊಸ ಗೀರು ಯಾವುದು, ಹಳೆಯದು ಯಾವುದು ಎಂದು ತಿಳಿಯಬೇಕಾದ್ದರಿಂದ ಅವುಗಳ ಕೆಳಮೈ ಆದಷ್ಟು ನುಣುಪಾಗಿರುವುದು ಒಳ್ಳೆಯದು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿರುವಾಗ, ಅಥವಾ ಗುಡುಗು ಸಿಡಿಲಿರುವಾಗ ಈ ಕೆಲಸಕ್ಕೆ ಕೂರಬೇಡಿ. ಡಿಸ್ಕ್ ಒಳಗಿರುವಾಗಲೇ ವಿದ್ಯುತ್ ನಿಂತರೆ ಅದು ಅಲ್ಲೇ ಉಳಿಯುತ್ತದೆ, ಆಗ ಅದನ್ನು ಹೊರತೆಗೆಯುವ ಅವಸರದಲ್ಲಿಯೇ ಹೆಚ್ಚಿನ ಹಾನಿಯಾಗುತ್ತದೆ.

ಡಿಸ್ಕ್‌ನ ರಚನೆಯ ಬಗ್ಗೆ ಒಂದು ಮಾತು ತಿಳಿದಿರಬೇಕು. ಸಿಡಿ ಎಂದರೆ 1.2 ಮಿ.ಮೀ. ದಪ್ಪದ, ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ. ಲೇಸರ್ ಕಿರಣ ಕೆಳಗಿನಿಂದ ಈ ಇಡೀ ದಪ್ಪವನ್ನು ದಾಟಿ ಓದುತ್ತದೆ, ಮಾಹಿತಿಯಿರುವ ಲೋಹದ ಪದರ ಇರುವುದು ಮೇಲ್ಗಡೆ, ಲೇಬಲ್ಲಿನ ತೆಳು ಮೆರುಗಿನ ಅಡಿಯಲ್ಲೇ. ಹೀಗಾಗಿ ಸಿಡಿಯ ಹೊಳೆಯುವ ಬದಿಗೆ ಬಿದ್ದ ಗೀರಿಗಿಂತ ಲೇಬಲ್ ಬದಿಗೆ ಬಿದ್ದ ಗೀರು ಹೆಚ್ಚು ಅಪಾಯಕಾರಿ. ಹೊಳೆಯುವ ಬದಿಯದನ್ನು ತೊಳೆದೋ ಉಜ್ಜಿಯೋ ಸರಿಪಡಿಸಲು ಸಾಧ್ಯ, ಲೇಬಲ್ ಬದಿಯಲ್ಲಿ ಲೋಹವೇ ಕಿತ್ತುಹೋದರೆ ಅಲ್ಲಿನ ಮಾಹಿತಿ ಮರಳುವುದಿಲ್ಲ. ಡಿವಿಡಿಯಲ್ಲಿ ತಲಾ 0.6 ಮಿ.ಮೀ.ನ ಎರಡು ಬಿಲ್ಲೆಗಳನ್ನು ಅಂಟಿಸಿರುತ್ತಾರೆ, ಮಾಹಿತಿಯ ಪದರ ನಡುವೆ ಇರುತ್ತದೆ. ಆದ್ದರಿಂದ ಲೇಬಲ್ ಬದಿಯ ಪೆಟ್ಟನ್ನು ಅದು ಸಿಡಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಆದರೆ ಬಗ್ಗಿಸಿದರೆ ಅದರ ಅಂಟು ಬಿಡಬಹುದು.

ಲಕ್ಷಣ: ಗೀರು ಕಂಡಿದೆ, ಎಲ್ಲಿಂದ ಬಂತು ಎಂದು ತಿಳಿಯುತ್ತಿಲ್ಲ

ಟ್ಯೂಬ್‌ಲೈಟಿನ ಕೆಳಗೆ ನೋಡಿದರೆ ಅರ್ಧ ಗೀರುಗಳು ಕಾಣುವುದೇ ಇಲ್ಲ. ಬೆಳಗಿನ ಹೊತ್ತು ಕಿಟಕಿಯ ಬಳಿ ನಿಂತು, ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಓರೆ ಬೆಳಕು ಅದರ ಮೇಲೆ ಹಾಯುವಂತೆ ನಿಧಾನವಾಗಿ ವಾಲಿಸುತ್ತ ನೋಡಿ. ಮೋಡದ ದಿನವಾದರೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ಕೂದಲೆಳೆಯಂಥ ಸಣ್ಣ ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿ ಹರಡಿದ್ದರೆ ಅದು ಡ್ರೈವ್ ಮಾಡಿದ್ದಲ್ಲ. ಕವರ್ ಇಲ್ಲದೆ ಮೇಜಿನ ಮೇಲೆ ಇಟ್ಟು ಎಳೆದದ್ದು, ಒಂದರ ಮೇಲೊಂದು ಪೇರಿಸಿದ್ದು, ಪ್ಲಾಸ್ಟಿಕ್ ಚೀಲದಲ್ಲಿ ಧೂಳಿನ ಸಮೇತ ತುರುಕಿದ್ದು, ಪಂಚೆಯ ತುದಿಯಲ್ಲಿ ಒರೆಸಿದ್ದು ಇದಕ್ಕೆ ಕಾರಣ. ಜನ ತೋರಿಸುವ ಗೀರುಗಳಲ್ಲಿ ಹೆಚ್ಚಿನವು ಈ ಬಗೆಯವೇ ಎಂಬುದು ನನ್ನ ಅನುಭವ. ಇವು ನೋಡಲು ಕೆಟ್ಟದಾಗಿ ಕಂಡರೂ ಓದುವುದಕ್ಕೆ ಅಷ್ಟಾಗಿ ಅಡ್ಡಿಯಾಗುವುದಿಲ್ಲ, ಏಕೆಂದರೆ ಲೇಸರ್ ಕಿರಣ ಡಿಸ್ಕ್‌ನ ಹೊರಮೈಯಲ್ಲಿ ಅಗಲವಾಗಿದ್ದು, ಮಾಹಿತಿಯ ಪದರ ಮುಟ್ಟಿದಾಗ ಮಾತ್ರ ಸೂಜಿಮೊನೆಯಷ್ಟಾಗುತ್ತದೆ.

ಒಂದಕ್ಕೊಂದು ಸಮಾನಾಂತರವಾದ ನೇರ ಗೆರೆಗಳು ಡಿಸ್ಕ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿನತ್ತ ಸಾಗಿದ್ದರೆ, ಅವು ಡಿಸ್ಕ್ ಒಳಹೋಗುವಾಗ ಅಥವಾ ಹೊರಬರುವಾಗ ಬಿದ್ದವು. ಸ್ಲಾಟ್‌ನ ಬಾಯಿಯಲ್ಲಿರುವ ಫೆಲ್ಟ್ (ಉಣ್ಣೆಯಂಥ ಮೆದು ಬಟ್ಟೆ) ಪಟ್ಟಿಗೆ ಸಿಕ್ಕಿಕೊಂಡ ಮರಳಿನ ಕಣ, ಅಥವಾ ಒಳಗಿನ ರಬ್ಬರ್ ರೋಲರ್‌ಗೆ ಮೆತ್ತಿದ ಕೊಳೆ ಇದನ್ನು ಮಾಡುತ್ತದೆ.

ಗೀರು ಕೈವಾರದಲ್ಲಿ ಎಳೆದಂತೆ ಬಾಗಿ, ನಡುವಿನ ರಂಧ್ರವನ್ನೇ ಕೇಂದ್ರವಾಗಿಟ್ಟುಕೊಂಡಿದ್ದರೆ ಅದು ಡಿಸ್ಕ್ ತಿರುಗುತ್ತಿರುವಾಗ ಬಿದ್ದದ್ದು. ಇದೇ ಎಲ್ಲಕ್ಕಿಂತ ಕೆಟ್ಟದ್ದು. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಜಾಡಿನ (ಸುರುಳಿಯಾಗಿ ಮಾಹಿತಿ ಬರೆದ ಸಾಲಿನ) ಉದ್ದಕ್ಕೆ ಸುಮಾರು 2.5 ಮಿ.ಮೀ.ವರೆಗೆ ಮಾಹಿತಿ ಕಾಣೆಯಾದರೂ ಅದನ್ನು ಪೂರ್ತಿಯಾಗಿ ಮರಳಿ ಕಟ್ಟಿಕೊಳ್ಳಬಲ್ಲದು. ರಂಧ್ರದಿಂದ ಅಂಚಿನತ್ತ ಬಿದ್ದ ಸಣ್ಣ ಗೀರು ಜಾಡಿನ ಪ್ರತಿ ಸುತ್ತನ್ನೂ ಅಡ್ಡಲಾಗಿ ಕೊಂಚವೇ ಕತ್ತರಿಸುವುದರಿಂದ ಆ ಮಿತಿಯೊಳಗೆ ಉಳಿಯುತ್ತದೆ, ಆದರೆ ಬಾಗಿದ ಗೀರು ಜಾಡಿನ ಜೊತೆಜೊತೆಗೇ ಓಡುವುದರಿಂದ ಒಂದೇ ಕಡೆ ಬಹಳಷ್ಟನ್ನು ಅಳಿಸಿಹಾಕುತ್ತದೆ.

ರಂಧ್ರದ ಸುತ್ತಲಿನ ಪಾರದರ್ಶಕ ಉಂಗುರದಲ್ಲಿ ಮಾತ್ರ ಗುರುತುಗಳಿದ್ದರೆ ಚಿಂತೆ ಬೇಡ. ಅದು ಡ್ರೈವ್ ಡಿಸ್ಕನ್ನು ಕಚ್ಚಿ ಹಿಡಿಯುವ ಜಾಗ. ಸಿಡಿಯಲ್ಲಿ ಮುಖ್ಯ ಮಾಹಿತಿ ಶುರುವಾಗುವುದು ಕೇಂದ್ರದಿಂದ 25 ಮಿ.ಮೀ. ಆಚೆಗೆ. ಆದರೆ ಆ ಗುರುತುಗಳು ದಿನದಿಂದ ದಿನಕ್ಕೆ ಹೆಚ್ಚಿ ಹೊರಗೆ ಹರಡುತ್ತಿದ್ದರೆ, ಹೊರಹಾಕುವಾಗ ಡಿಸ್ಕನ್ನು ಹಿಡಿದಿಡುವ ನಡುವಿನ ಗುಬ್ಬಿ ಪೂರ್ತಿ ಕೆಳಗಿಳಿಯುತ್ತಿಲ್ಲ ಎಂದು ಶಂಕಿಸಬೇಕು.

ಅನುಮಾನ ಉಳಿದರೆ ಒಂದು ಬಾಣದ ಪರೀಕ್ಷೆ ಇದೆ, ಖರ್ಚಿಲ್ಲದ್ದು. ಪರೀಕ್ಷೆಯ ಡಿಸ್ಕ್‌ನ ಲೇಬಲ್ ಬದಿಯಲ್ಲಿ, ರಂಧ್ರದ ಬಳಿ, ಸಿಡಿ ಮಾರ್ಕರ್‌ನಿಂದ ಸಣ್ಣ ಬಾಣವೊಂದನ್ನು ಬರೆಯಿರಿ. ಬಾಣದ ತುದಿ ಪ್ರತಿ ಸಲವೂ ಡ್ರೈವ್‌ನ ಒಳದಿಕ್ಕನ್ನೇ ತೋರಿಸುವಂತೆ ಡಿಸ್ಕ್ ಹಾಕಿ, ಅದು ತಿರುಗಿ ಗುರುತಿಸಿಕೊಂಡ ಮೇಲೆ ಹೊರತೆಗೆಯಿರಿ, ಕೆಲವು ಸಲ ಹೀಗೆ ಮಾಡಿ ಕೆಳಮೈ ನೋಡಿ. ಒಳಹೋಗುವಾಗ ಡಿಸ್ಕ್‌ನ ದಿಕ್ಕು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ. ಹೊರಬರುವಾಗ ಅದು ಎಲ್ಲಿ ನಿಂತಿತೋ ಆ ದಿಕ್ಕು, ಅಂದರೆ ಪ್ರತಿ ಸಲವೂ ಬೇರೆ. ಹೊಸ ಗೀರುಗಳು ಬಾಣದ ಜೊತೆಗೆ ಸಾಲಾಗಿ ಬಿದ್ದಿದ್ದರೆ ದೋಷ ಒಳಹೋಗುವ ದಾರಿಯಲ್ಲಿದೆ. ನೇರವಾಗಿದ್ದೂ ಒಂದೊಂದು ಒಂದೊಂದು ಕೋನದಲ್ಲಿದ್ದರೆ ಹೊರಬರುವಾಗಿನದು. ಗೀರೇ ಬೀಳದಿದ್ದರೆ ಡ್ರೈವ್ ನಿರಪರಾಧಿ. ಡಿಸ್ಕ್ ಇಡುವ ಪೆಟ್ಟಿಗೆ, ಒರೆಸುವ ಬಟ್ಟೆಗಳ ಕಡೆ ಗಮನ ಹರಿಸಿ. ಡಿಸ್ಕನ್ನು ಪಕ್ಕದ ತೋಳುಗಳಿಂದ ಹಿಡಿದೆಳೆಯುವ ತೆಳು ಡ್ರೈವ್‌ಗಳಲ್ಲಿ ಅದು ಒಳಹೋಗುತ್ತ ತುಸು ತಿರುಗುವುದುಂಟು, ಆದ್ದರಿಂದ ಅಲ್ಪಸ್ವಲ್ಪ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಲಕ್ಷಣ: ಒಳಹೋಗುವಾಗ ಬಿಗಿ, ಕರಕರ ಸದ್ದು, ನೇರ ಗೆರೆಗಳು

ಮೊದಲ ತಪಾಸಣೆ ಡಿಸ್ಕ್‌ನದೇ. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಹತ್ತಿದ ಕೈ, ಎಣ್ಣೆಗೈ, ಒಲೆಯ ಮಸಿ ತಾಗಿದ ಕೈಯಲ್ಲಿ ಹಿಡಿದ ಡಿಸ್ಕ್‌ನ ಮೇಲೆ ಒಂದು ಅಂಟು ಪೊರೆ ಕೂರುತ್ತದೆ. ಅದರ ಮೇಲೆ ಬಿದ್ದ ಧೂಳು ಉದುರುವುದಿಲ್ಲ, ಡ್ರೈವ್‌ನ ಬಾಯಿಯವರೆಗೂ ಹೋಗಿ ಫೆಲ್ಟ್‌ಗೆ ವರ್ಗವಾಗುತ್ತದೆ. ನಮ್ಮ ಕಡೆಯ ಜಂಬಿಟ್ಟಿಗೆ ಧೂಳಿನಲ್ಲಿ ಗಟ್ಟಿ ಹರಳುಗಳಿರುತ್ತವೆ. ಬೇಸಿಗೆಯಲ್ಲಿ ಬಸ್ಸು ಹೋದಾಗಲೆಲ್ಲ ಜಗುಲಿಗೆ ಬಂದು ಕೂರುವ ಆ ಕೆಂಪು ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರೆ ಸಾಕು, ಪಾಲಿಕಾರ್ಬೊನೇಟ್‌ಗೆ ಅದು ಏನು ಮಾಡಬಹುದೆಂದು ಗೊತ್ತಾಗುತ್ತದೆ. ಟ್ರೇ ಇರುವ ಡ್ರೈವ್‌ನಲ್ಲಿ ಧೂಳಿನ ಡಿಸ್ಕ್ ಹಾಕಿದರೂ ಅದು ಯಾವುದಕ್ಕೂ ಉಜ್ಜಿಕೊಳ್ಳದೆ ಒಳಹೋಗುತ್ತದೆ. ಸ್ಲಾಟ್ ಡ್ರೈವ್‌ನಲ್ಲಿ ಡಿಸ್ಕ್‌ನ ಇಡೀ ಮೈ ಫೆಲ್ಟ್‌ಗೆ ಸವರಿಕೊಂಡೇ ಸಾಗುತ್ತದೆ. ಎರಡು ಬಗೆಯ ಡ್ರೈವ್‌ಗಳ ನಡುವೆ ಗೀರಿನ ಮಟ್ಟಿಗೆ ಇರುವ ನಿಜವಾದ ವ್ಯತ್ಯಾಸ ಇಷ್ಟೇ.

ಡಿಸ್ಕ್ ಸ್ವಚ್ಛವಿದ್ದೂ ಬಿಗಿಯಾಗುತ್ತಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ತೆಗೆದು, ಸ್ಲಾಟ್‌ನ ಬಾಯಿಯನ್ನು ಟಾರ್ಚ್ ಹಾಕಿ ನೋಡಿ. ಫೆಲ್ಟ್ ಪಟ್ಟಿಯ ಒಂದು ತುದಿ ಅಂಟುಬಿಟ್ಟು ಮಡಚಿರಬಹುದು, ಕೂದಲು ಸಿಕ್ಕಿಕೊಂಡಿರಬಹುದು. ಬಹುಕಾಲ ಬಳಸದ ಯಂತ್ರವಾದರೆ ಇರುವೆ, ಸಣ್ಣ ಜಿರಲೆಗಳ ವಾಸವಿರುವುದೂ ಉಂಟು. ಬೀಗದ ಕಿಂಡಿ, ಸ್ವಿಚ್ ಬೋರ್ಡಿನ ತೂತುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳುವಿಗೆ ಈ ಸೀಳೂ ಅಷ್ಟೇ ಅನುಕೂಲ. ಬಾಯಿಯ ಮೂಲೆಯಲ್ಲಿ ಒಣಗಿದ ಮಣ್ಣಿನ ಉಂಡೆ ಕಂಡರೆ ಡಿಸ್ಕ್ ಹಾಕುವ ಮಾತೇ ಬೇಡ. ಅದನ್ನು ಒಳಕ್ಕೆ ಪುಡಿ ಮಾಡದೆ ತೆಗೆಯಲು ಡ್ರೈವ್ ಬಿಚ್ಚಬೇಕಾಗುತ್ತದೆ.

ಬಾಯಿಯ ಫೆಲ್ಟ್ ಅಷ್ಟನ್ನೇ ಶುಚಿ ಮಾಡಲು ಎರಡು ಸುಲಭ ವಿಧಾನಗಳಿವೆ. ಅಂಟು ಟೇಪಿನ ಸಣ್ಣ ತುಂಡನ್ನು ಬೆರಳಿಗೆ ಹೊರಮುಖವಾಗಿ ಸುತ್ತಿ, ಫೆಲ್ಟ್‌ನ ತುದಿಗೆ ಮೆಲ್ಲಗೆ ಒತ್ತಿ ಒತ್ತಿ ತೆಗೆಯುವುದು ಒಂದು. ಹೊಸ, ಒಣಗಿದ, ಮೆದು ಹಲ್ಲುಜ್ಜುವ ಬ್ರಷ್ಷನ್ನು ಸ್ಲಾಟ್‌ನ ಉದ್ದಕ್ಕೆ ಆಡಿಸುತ್ತ, ಪಕ್ಕದಲ್ಲಿ ವ್ಯಾಕ್ಯೂಮ್ ಕ್ಲೀನರ್‌ನ ಬಾಯಿಯನ್ನು ಹೊರಗಡೆಯೇ ಹಿಡಿಯುವುದು ಇನ್ನೊಂದು. ಎರಡರಲ್ಲೂ ಫೆಲ್ಟ್ ದಾಟಿ ಒಳಕ್ಕೆ ಹೋಗಬಾರದು. ಬಾಯಿಯಿಂದ ಊದಬೇಡಿ, ಎಂಜಲಿನ ಹನಿ ಲೆನ್ಸ್‌ವರೆಗೂ ಹಾರುತ್ತದೆ. ಡಬ್ಬಿಯ ಗಾಳಿಯನ್ನೂ ಒಳಮುಖವಾಗಿ ಬಿಡಬೇಡಿ. ಹೊರಗಿನ ಧೂಳು ಒಳಗೆ ಸೇರುವುದಷ್ಟೇ ಫಲ. ಎಣ್ಣೆ, ಗ್ರೀಸು, ತುಕ್ಕು ಬಿಡಿಸುವ ಸ್ಪ್ರೇಗಳನ್ನು ಸ್ಲಾಟ್‌ನ ಹತ್ತಿರಕ್ಕೂ ತರಬಾರದು. ಶುಚಿಮಾಡಿದ ಮೇಲೆ ತೊಳೆದು ಒಣಗಿಸಿದ ಪರೀಕ್ಷೆಯ ಡಿಸ್ಕನ್ನು ಹಲವು ಸಲ ಹಾಕಿ ತೆಗೆದು, ಪ್ರತಿ ಸಲವೂ ಅದನ್ನು ಒರೆಸಿ, ಬಾಣದ ಪರೀಕ್ಷೆಯನ್ನು ಮತ್ತೆ ಮಾಡಿ. ಉಳಿದ ಧೂಳನ್ನು ಆ ಬೇಡದ ಡಿಸ್ಕೇ ಹೊತ್ತು ತರುತ್ತದೆ.

ಹಾಕುವ ಕೈಯ ಕ್ರಮದಲ್ಲೂ ದೋಷವಿರಬಹುದು. ಒಂದು ಬೆರಳು ರಂಧ್ರದಲ್ಲಿ, ಹೆಬ್ಬೆರಳು ಅಂಚಿನಲ್ಲಿ ಇಟ್ಟು, ಸ್ಲಾಟ್‌ಗೆ ಸಮತಲದಲ್ಲಿ, ನಡುವಿಗೆ ಸರಿಯಾಗಿ ತೂರಿಸಿ, ಯಂತ್ರ ಎಳೆಯತೊಡಗಿದ ಕ್ಷಣವೇ ಕೈಬಿಡಬೇಕು. ಎಳೆಯುವಾಗಲೂ ಹಿಡಿದುಕೊಂಡಿದ್ದರೆ, ಅಥವಾ ಹಿಂದಿನಿಂದ ತಳ್ಳಿದರೆ, ಡಿಸ್ಕ್ ಓರೆಯಾಗಿ ಅಂಚಿಗೆ ಉಜ್ಜುತ್ತದೆ. ಬದಿಯಲ್ಲಿ ಸ್ಲಾಟ್ ಇರುವ ಐಮ್ಯಾಕ್‌ಗಳಲ್ಲಿ ಡಿಸ್ಕ್ ನೆಟ್ಟಗೆ ನಿಂತ ಭಂಗಿಯಲ್ಲಿ, ಲೇಬಲ್ ನಿಮ್ಮ ಕಡೆಗಿರುವಂತೆ ಹೋಗಬೇಕು. ಮೇಜಿನ ಮುಂದೆ ಕುಳಿತಲ್ಲಿಂದಲೇ ಕೈಚಾಚಿ ಹಾಕುವವರು ಅದನ್ನು ಯಾವಾಗಲೂ ತುಸು ಓರೆಯಾಗಿಯೇ ಹಾಕುತ್ತಾರೆ, ಎದ್ದು ಪಕ್ಕಕ್ಕೆ ಬಂದು ಹಾಕುವುದು ಉತ್ತಮ. ಹೊರತೆಗೆಯುವಾಗ ಡಿಸ್ಕ್ ತಾನಾಗಿ ಬರುವಷ್ಟು ಬಂದು ನಿಂತ ಮೇಲೆ, ಮೇಲಕ್ಕೂ ಕೆಳಕ್ಕೂ ಬಗ್ಗಿಸದೆ ನೇರವಾಗಿ ಎಳೆಯಿರಿ. ಬಾಣದ ಪರೀಕ್ಷೆಯಲ್ಲಿ ಹೊರಬರುವ ಗೀರುಗಳೇ ಕಂಡಿದ್ದರೆ ಮೊದಲು ಈ ಅಭ್ಯಾಸವನ್ನು ತಿದ್ದಿ ನೋಡಬೇಕು, ಆಮೇಲೆ ಯಂತ್ರದ ದೋಷದ ಮಾತು.

ಲಕ್ಷಣ: ತಿರುಗುವಾಗ ಗುಂಯ್‌ಗುಟ್ಟುವಿಕೆ, ನಡುಕ, ಬಾಗಿದ ಗೀರು

ಡಿಸ್ಕ್ ವೇಗ ಹಿಡಿಯುವಾಗ ಗಾಳಿ ಸೀಳುವ ಸದ್ದು ಸಹಜ. ಪೂರ್ಣ ವೇಗದಲ್ಲಿ ಅದು ನಿಮಿಷಕ್ಕೆ 4,000 ಸುತ್ತಿಗೂ ಹೆಚ್ಚು ತಿರುಗುತ್ತಿರುತ್ತದೆ. ಮೇಜೇ ನಡುಗುವಂಥ ಕಂಪನ, ಟಕಟಕ ಬಡಿತ, ತುರಿಯುವ ಸದ್ದು ಸಹಜವಲ್ಲ. ತುರಿಯುವ ಸದ್ದು ಕೇಳಿದ ಕೂಡಲೇ ಹೊರಹಾಕುವ ಆದೇಶ ಕೊಡಿ, ಏನಾಗುತ್ತದೆ ನೋಡೋಣ ಎಂದು ಕಾಯಬೇಡಿ.

ಬೇರೆ ಡಿಸ್ಕ್ ಹಾಕಿ ನೋಡುವುದು ಮೊದಲ ಪರೀಕ್ಷೆ. ಒಂದೇ ಡಿಸ್ಕ್ ನಡುಗಿದರೆ ದೋಷ ಆ ಡಿಸ್ಕ್‌ನದು. ನಮ್ಮಲ್ಲಿ ಇದಕ್ಕೆ ಬಹು ಸಾಮಾನ್ಯ ಕಾರಣ ಮದುವೆ ವಿಡಿಯೊ ಡಿಸ್ಕ್‌ಗಳ ಮೇಲೆ ವಧೂವರರ ಫೋಟೊ ಸಮೇತ ಅಂಟಿಸಿದ ಕಾಗದದ ಸ್ಟಿಕ್ಕರ್. ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಯಲ್ಲಿ ಆ ಕಾಗದ ತೇವ ಹೀರಿ, ಒಂದು ಬದಿಯಲ್ಲಿ ಗುಳ್ಳೆ ಎದ್ದು, ಅಂಚು ಸುರುಳಿಗಟ್ಟುತ್ತದೆ. ಸಮತೋಲ ತಪ್ಪುವುದು ಒಂದು ತೊಂದರೆ. ಸ್ಲಾಟ್ ಡ್ರೈವ್‌ನ ಒಳಗಿನ ಜಾಗ ಬಹಳ ಕಿರಿದಾದ್ದರಿಂದ ಎದ್ದ ಅಂಚು ಒಳಗೆ ಸಿಕ್ಕಿಕೊಂಡು, ಹರಿದು, ರೋಲರ್‌ಗೆ ಅಂಟಿಕೊಳ್ಳುವುದು ಇನ್ನೂ ದೊಡ್ಡ ತೊಂದರೆ. ಸ್ಟಿಕ್ಕರ್ ಇರುವ ಡಿಸ್ಕನ್ನು ಸ್ಲಾಟ್ ಡ್ರೈವ್‌ಗೆ ಹಾಕಲೇಬೇಡಿ ಎಂಬುದು ನನ್ನ ಖಚಿತ ಸಲಹೆ. ಸ್ಟಿಕ್ಕರನ್ನು ಕೀಳಲೂ ಹೋಗಬೇಡಿ, ಸಿಡಿಯಾದರೆ ಲೋಹದ ಪದರವೂ ಅದರ ಜೊತೆಗೇ ಏಳುತ್ತದೆ. ಅಂಥದ್ದನ್ನು ಟ್ರೇ ಡ್ರೈವ್‌ನಲ್ಲಿ ಕಡಿಮೆ ವೇಗದಲ್ಲಿ ಓದಿಸಿ.

ಬಿಸಿಲಿಗೆ ಬಾಗಿದ ಡಿಸ್ಕನ್ನು ಕನ್ನಡಿಯ ಮೇಲಿಟ್ಟು ನೋಡಿದರೆ ಅಂಚು ಎದ್ದಿರುವುದು ಕಾಣುತ್ತದೆ. ರಂಧ್ರದ ಬಳಿ ಕೂದಲೆಳೆಯಷ್ಟೇ ಬಿರುಕಿದ್ದರೂ ಅದನ್ನು ಯಾವ ಡ್ರೈವ್‌ಗೂ ಹಾಕಬಾರದು. ವೇಗದಲ್ಲಿ ಅದು ಒಡೆದು ಚೂರಾಗಬಲ್ಲದು, ಆ ಚೂರುಗಳು ಡ್ರೈವನ್ನೂ ಕೆಡಿಸುತ್ತವೆ.

ಎಲ್ಲ ಡಿಸ್ಕ್‌ಗಳೂ ನಡುಗಿದರೆ ಅಥವಾ ಎಲ್ಲದರ ಮೇಲೂ ಬಾಗಿದ ಗೀರು ಬೀಳುತ್ತಿದ್ದರೆ, ಯಂತ್ರ ಇಟ್ಟ ಜಾಗ ನೋಡಿ. ತೊಡೆಯ ಮೇಲಿಟ್ಟು ಬಳಸುವುದು, ಡಿಸ್ಕ್ ತಿರುಗುತ್ತಿರುವಾಗಲೇ ಲ್ಯಾಪ್‌ಟಾಪ್ ಎತ್ತಿ ಇನ್ನೊಂದು ಕೋಣೆಗೆ ಒಯ್ಯುವುದು, ಡ್ರೈವ್ ಇರುವ ಭಾಗದ ಮೇಲೆ ಅಂಗೈ ಭಾರ ಬಿಡುವುದು ಬಾಗಿದ ಗೀರಿಗೆ ನೇರ ಕಾರಣಗಳು. ತಿರುಗುವ ವಸ್ತು ತಾನು ತಿರುಗುವ ಸಮತಲವನ್ನು ಬದಲಿಸಲು ಒಪ್ಪುವುದಿಲ್ಲ. ಯಂತ್ರವನ್ನು ಥಟ್ಟನೆ ವಾಲಿಸಿದರೆ ಒಳಗಿನ ಭಾಗಗಳು ಡಿಸ್ಕ್‌ಗೆ ತಾಗುತ್ತವೆ. ಗಟ್ಟಿ ಮೇಜಿನ ಮೇಲೆ, ಅಲುಗಾಡಿಸದೆ ಇಟ್ಟು, ಸ್ವಚ್ಛವಾದ ಪರೀಕ್ಷೆಯ ಡಿಸ್ಕ್ ಹಾಕಿದಾಗಲೂ ಬಾಗಿದ ಗೀರು ಬಿದ್ದರೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಏನೂ ಇಲ್ಲ. ಆ ಡ್ರೈವ್‌ನ ಬಳಕೆಯನ್ನು ಅಲ್ಲಿಗೆ ನಿಲ್ಲಿಸಬೇಕು.

ಲಕ್ಷಣ: ಗೀರಿಲ್ಲ, ಆದರೂ ಓದುತ್ತಿಲ್ಲ

ಡಿಸ್ಕ್ ಒಳಹೋಗಿ, ಸ್ವಲ್ಪ ಹೊತ್ತು ತಿರುಗಿ, ಹಾಗೆಯೇ ಹೊರಬಂದರೆ ಮೊದಲು ತೇವದ ಬಗ್ಗೆ ಯೋಚಿಸಿ. ತಣ್ಣನೆಯ ಕೋಣೆಯಲ್ಲಿದ್ದ ಡಿಸ್ಕ್ ಅಥವಾ ಯಂತ್ರವನ್ನು ಬೆಚ್ಚಗಿನ, ತೇವ ತುಂಬಿದ ಕೋಣೆಗೆ ತಂದಾಗ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಇಬ್ಬನಿ ಕೂರುತ್ತದೆ, ಲೆನ್ಸ್‌ನ ಮೇಲೂ ಕೂರುತ್ತದೆ. ಒಂದೆರಡು ಗಂಟೆ ಹಾಗೇ ಬಿಟ್ಟು ನಂತರ ಪ್ರಯತ್ನಿಸಿ. ಹೇರ್ ಡ್ರೈಯರ್ ಬೇಡ, ಒಲೆಯ ಬಳಿ ಇಡುವುದಂತೂ ಬೇಡವೇ ಬೇಡ.

ಯುಎಸ್‌ಬಿ ಡ್ರೈವ್ ಆಗಿದ್ದರೆ ವಿದ್ಯುತ್ ಸಾಲದಿರುವುದೂ ಇದೇ ಲಕ್ಷಣ ತೋರಿಸುತ್ತದೆ. ಹಬ್ ಬಿಟ್ಟು, ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಜೋಡಿಸಿ ನೋಡಿ.

ಮುಂದಿನದು ಬೂಷ್ಟು. ಅಟ್ಟದ ಮೇಲೆ, ಬಚ್ಚಲೊಲೆಯ ಹೊಗೆ ಬರುವ ಕಡೆ, ತೇವದ ಗೋಡೆಗೆ ಒರಗಿದ ಕಪಾಟಿನಲ್ಲಿ ಇಟ್ಟ ಡಿಸ್ಕ್‌ಗಳ ಮೇಲೆ ಮಬ್ಬು ಕಲೆಗಳು, ಬೇರಿನಂತೆ ಕವಲೊಡೆದ ಗೆರೆಗಳು ಕಾಣಬಹುದು. ಇದನ್ನು ಗೀರೆಂದು ತಿಳಿದು ಎಸೆಯಬೇಡಿ, ಬಹಳಷ್ಟು ಸಲ ತೊಳೆದರೆ ಹೋಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪಿನ ಒಂದೆರಡು ಹನಿ ಹಾಕಿ, ಮೊದಲು ನೀರು ಹರಿಯಬಿಟ್ಟು ಧೂಳು ಕಳೆಯಿರಿ. ಆಮೇಲೆ ಬೆರಳ ತುದಿಯಿಂದ ಅಥವಾ ಹಳೆಯ ಮೆದು ಹತ್ತಿಬಟ್ಟೆಯಿಂದ, ರಂಧ್ರದಿಂದ ಅಂಚಿನತ್ತ ನೇರವಾಗಿ ಉಜ್ಜಿ. ವೃತ್ತಾಕಾರದಲ್ಲಿ ಒರೆಸಬಾರದೆಂಬುದಕ್ಕೆ ಕಾರಣ ಮೇಲೆಯೇ ಹೇಳಿದೆ: ಒಂದು ಕಣ ಸಿಕ್ಕಿಕೊಂಡರೂ ಜಾಡಿನ ಉದ್ದಕ್ಕೇ ಗೀರು ಬೀಳುತ್ತದೆ. ಶುದ್ಧ ನೀರಿನಲ್ಲಿ ಅದ್ದಿ, ಅಂಚಿನ ಮೇಲೆ ನಿಲ್ಲಿಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಜಿಡ್ಡು ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಆಗಬಹುದು. ಪೆಟ್ರೋಲ್, ಥಿನ್ನರ್, ಉಗುರು ಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ. ಸ್ಟಿಕ್ಕರ್ ಇರುವ ಡಿಸ್ಕನ್ನು ನೀರಿಗೆ ಹಾಕಬೇಡಿ, ಕೆಳಮೈಯನ್ನು ಮಾತ್ರ ಒದ್ದೆ ಬಟ್ಟೆಯಿಂದ ಒರೆಸಿ.

ತೊಳೆದ ಮೇಲೂ ಓದದಿದ್ದರೆ ಡಿಸ್ಕನ್ನು ಬೆಳಕಿಗೆ ಎದುರಾಗಿ ಹಿಡಿಯಿರಿ. ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕೆಗಳು ಕಂಡರೆ ಲೋಹದ ಪದರ ಅಲ್ಲಲ್ಲಿ ಹೋಗಿದೆ, ಯಾವ ಶುಚಿಯೂ ಅದನ್ನು ತರಲಾರದು. ಅದೂ ಇಲ್ಲದಿದ್ದರೆ ಪರೀಕ್ಷೆಯ ಸಿಡಿ ಮತ್ತು ಡಿವಿಡಿಯನ್ನು ಒಂದಾದ ಮೇಲೊಂದು ಹಾಕಿ ನೋಡಿ. ಸಿಡಿ ಓದಲು 780, ಡಿವಿಡಿ ಓದಲು 650 ನ್ಯಾನೊಮೀಟರ್ ತರಂಗಾಂತರದ ಬೇರೆ ಬೇರೆ ಲೇಸರ್ ಬೇಕಾಗುವುದರಿಂದ, ಒಂದು ಬಗೆ ಓದಿ ಇನ್ನೊಂದು ಓದದಿದ್ದರೆ ಆ ಲೇಸರ್ ಸೊರಗಿದೆ ಎಂದು ಊಹಿಸಬಹುದು. ಎರಡೂ ತಡವರಿಸಿ ಓದಿದರೆ ಲೆನ್ಸ್ ಮೇಲೆ ಧೂಳು ಅಥವಾ ಹೊಗೆಯ ಪೊರೆ ಇರಬಹುದು. ಕುಚ್ಚು ಅಂಟಿಸಿದ ಲೆನ್ಸ್ ಕ್ಲೀನರ್ ಡಿಸ್ಕ್‌ಗಳನ್ನು ಸ್ಲಾಟ್ ಡ್ರೈವ್‌ಗೆ ಹಾಕಲು ನಾನು ಹೇಳುವುದಿಲ್ಲ; ಆ ಕುಚ್ಚು ಫೆಲ್ಟ್ ದಾಟುವಾಗ ಧೂಳನ್ನು ಹೊತ್ತುಕೊಂಡೇ ಲೆನ್ಸ್‌ಗೆ ಹೋಗುತ್ತದೆ, ಕಿತ್ತುಬಂದರೆ ಒಳಗೇ ಉಳಿಯುತ್ತದೆ.

ಲಕ್ಷಣ: ಡಿಸ್ಕ್ ಒಳಗೇ ಸಿಕ್ಕಿಕೊಂಡಿದೆ

ಗೀರು ಬೀಳುವ ದೊಡ್ಡ ಸಂದರ್ಭ ಇದೇ, ಏಕೆಂದರೆ ಈ ಹೊತ್ತಿಗೆ ಮನುಷ್ಯ ಚಮಚ, ಹೇರ್‌ಪಿನ್, ಚಾಕು ಹುಡುಕತೊಡಗುತ್ತಾನೆ. ಯಾವುದನ್ನೂ ಒಳಗೆ ತೂರಿಸಬೇಡಿ.

ಡಿಸ್ಕ್ ಬಳಸುತ್ತಿರುವ ಪ್ಲೇಯರ್, ಫೋಲ್ಡರ್‌ಗಳನ್ನೆಲ್ಲ ಮುಚ್ಚಿ, ಇಜೆಕ್ಟ್ ಕೀ ಒತ್ತಿ. ಮ್ಯಾಕ್‌ನಲ್ಲಿ ಡಿಸ್ಕ್‌ನ ಚಿತ್ರವನ್ನು ಟ್ರ್ಯಾಶ್‌ಗೆ ಎಳೆಯಬಹುದು, ವಿಂಡೋಸ್‌ನಲ್ಲಿ ಡ್ರೈವ್‌ನ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಆರಿಸಬಹುದು, ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಇಜೆಕ್ಟ್ ಆದೇಶವೇ ಇದೆ. ಬಗ್ಗದಿದ್ದರೆ ಕಂಪ್ಯೂಟರನ್ನು ಪುನರಾರಂಭಿಸಿ. ಮ್ಯಾಕ್ ಆದರೆ ಅದು ಶುರುವಾಗುವಾಗ ಮೌಸ್ ಅಥವಾ ಟ್ರ್ಯಾಕ್‌ಪ್ಯಾಡ್‌ನ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಇರಿ. ಆಗಲೂ ಬಾರದೆ, ಹೊರಹಾಕುವ ಮೋಟರಿನ ಸದ್ದು ಮಾತ್ರ ಕೇಳುತ್ತಿದ್ದರೆ, ಡಿಸ್ಕ್ ತಿರುಗುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಲ್ಯಾಪ್‌ಟಾಪನ್ನು ಸ್ಲಾಟ್ ತುಸು ಕೆಳಮುಖವಾಗುವಂತೆ ವಾಲಿಸಿ ಮತ್ತೊಮ್ಮೆ ಆದೇಶ ಕೊಡಿ. ಬಡಿಯಬೇಡಿ. ಟ್ರೇ ಡ್ರೈವ್‌ಗಳಲ್ಲಿ ತಂತಿ ತೂರಿಸಿ ಟ್ರೇ ತೆರೆಯಲೆಂದು ಇರುವ ಸೂಜಿರಂಧ್ರ ಹೆಚ್ಚಿನ ಸ್ಲಾಟ್ ಡ್ರೈವ್‌ಗಳಲ್ಲಿ ಇರುವುದಿಲ್ಲ, ಹುಡುಕಿ ಸಿಕ್ಕಸಿಕ್ಕ ತೂತಿಗೆ ತಂತಿ ಹಾಕಬೇಡಿ, ಅದು ಮೈಕ್ ಕೂಡ ಆಗಿರಬಹುದು.

80 ಮಿ.ಮೀ.ನ ಮಿನಿ ಡಿಸ್ಕ್, ವಿಸಿಟಿಂಗ್ ಕಾರ್ಡ್ ಆಕಾರದ ಡಿಸ್ಕ್ ಹೋಗಿದ್ದರೆ, ಅಥವಾ ಒಳಗೊಂದಿರುವಾಗಲೇ ಮಕ್ಕಳು ಇನ್ನೊಂದನ್ನು ತಳ್ಳಿದ್ದರೆ, ಮೇಲಿನ ಯಾವ ಪ್ರಯತ್ನವನ್ನೂ ಮಾಡದೆ ಯಂತ್ರ ಆಫ್ ಮಾಡಿ ರಿಪೇರಿಯವರಿಗೆ ಕೊಡಿ. ಪೂರ್ಣ ಗಾತ್ರದ ಅಂಚನ್ನು ನಿರೀಕ್ಷಿಸುವ ತೋಳುಗಳು ಸಣ್ಣ ಡಿಸ್ಕನ್ನು ಹಿಡಿಯಲಾರವು, ಪ್ರತಿ ಪ್ರಯತ್ನವೂ ಅದನ್ನು ಇನ್ನಷ್ಟು ಓರೆ ಮಾಡುತ್ತದೆ.

ಗೀರು ಬಿದ್ದಾಗಿದೆ, ಒಳಗಿನದು ಬೇಕೇ ಬೇಕು

ಅದೇ ಡ್ರೈವ್‌ಗೆ ಮತ್ತೆ ಮತ್ತೆ ಹಾಕಬೇಡಿ. ತೊಳೆದು, ಬೇರೊಂದು ಟ್ರೇ ಡ್ರೈವ್‌ನಲ್ಲಿ ಇಮೇಜ್ ಪ್ರತಿ (ಇಡೀ ಡಿಸ್ಕ್‌ನ ಯಥಾವತ್ ನಕಲಿನ ಒಂದೇ ಕಡತ) ಮಾಡಿಕೊಳ್ಳಿ. ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಸಲೀಸಾಗಿ ಓದುವುದು ಅಪರೂಪವೇನಲ್ಲ. ಲಿನಕ್ಸ್‌ನ ಜಿಎನ್‌ಯು ಡಿಡಿರೆಸ್ಕ್ಯೂ, ವಿಂಡೋಸ್‌ನ ಐಸೊಬಸ್ಟರ್‌ನಂಥ ತಂತ್ರಾಂಶಗಳು ಓದಲಾಗದ ಕಡೆ ಸ್ಥಗಿತಗೊಳ್ಳದೆ, ಉಳಿದದ್ದನ್ನು ಉಳಿಸಿಕೊಳ್ಳುತ್ತವೆ. ಡಿಡಿರೆಸ್ಕ್ಯೂ ತಾನು ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕ ಇಟ್ಟುಕೊಳ್ಳುವುದರಿಂದ, ಉಳಿದ ಭಾಗವನ್ನು ಬೇರೆ ಡ್ರೈವ್‌ನಲ್ಲಿ ಮುಂದುವರಿಸಲೂ ಬರುತ್ತದೆ. ಸಿಕ್ಕಷ್ಟನ್ನು ಉಳಿಸಿಕೊಂಡ ಮೇಲೆಯೇ ಟೂತ್‌ಪೇಸ್ಟ್‌ನಲ್ಲಿ ಉಜ್ಜುವಂಥ ಉಪಾಯಗಳ ಯೋಚನೆ. ಅದು ಕೆಳಮೈಯ ಮೇಲ್ಮಟ್ಟದ ಗೀರಿಗೆ ಕೆಲವೊಮ್ಮೆ ಫಲ ಕೊಡುತ್ತದೆ. ಉಗುರಿಗೆ ಸಿಗುವಷ್ಟು ಆಳದ ಗೀರಿಗೆ, ಲೇಬಲ್ ಬದಿಗೆ ಇದು ಮದ್ದಲ್ಲ. ಬ್ಲೂ-ರೇ ಡಿಸ್ಕ್‌ನಲ್ಲಿ ಮಾಹಿತಿ ಹೊರಮೈಯಿಂದ ಕೇವಲ 0.1 ಮಿ.ಮೀ. ಒಳಗಿರುವುದರಿಂದ ಅದನ್ನು ಯಾವ ಕಾರಣಕ್ಕೂ ಉಜ್ಜಬಾರದು.

ಎಲ್ಲಿಗೆ ನಿಲ್ಲಿಸಬೇಕು

ಫೆಲ್ಟ್ ಶುಚಿ ಮಾಡಿ, ಹಾಕುವ ಕ್ರಮ ತಿದ್ದಿಕೊಂಡ ಮೇಲೂ ಬಾಣದ ಪರೀಕ್ಷೆಯಲ್ಲಿ ಹೊಸ ಗೀರು ಕಂಡರೆ, ಮುಂದಿನ ಕೆಲಸ ಡ್ರೈವ್ ಬಿಚ್ಚುವುದೇ. ಮನೆಯಲ್ಲಿ ಅದಕ್ಕೆ ಇಳಿಯಬೇಡಿ. ಮುಚ್ಚಿದ ಡ್ರೈವ್‌ನಿಂದ ಕಣ್ಣಿಗೆ ಅಪಾಯವಿಲ್ಲ. ಕವಚ ತೆಗೆದು ವಿದ್ಯುತ್ ಕೊಟ್ಟರೆ ಲೇಸರ್ ನೇರವಾಗಿ ಕಣ್ಣಿಗೆ ಬೀಳಬಹುದು, ಸಿಡಿ ಲೇಸರ್‌ನ 780 ನ್ಯಾನೊಮೀಟರ್ ಬೆಳಕು ಬಹುಪಾಲು ಕಾಣುವುದೇ ಇಲ್ಲವಾದ್ದರಿಂದ ಬಿದ್ದದ್ದೂ ತಿಳಿಯದು. ಹಳೆಯ ಐಮ್ಯಾಕ್‌ಗಳಲ್ಲಿ ಪ್ಲಗ್ ತೆಗೆದ ಮೇಲೂ ಒಳಗೆ ವಿದ್ಯುತ್ ಉಳಿದಿರುತ್ತದೆ, ಪಿಕ್ಚರ್ ಟ್ಯೂಬ್ ಇರುವ ಮಾದರಿಗಳಲ್ಲಂತೂ ಅದು ಪ್ರಾಣಾಪಾಯದ ಮಟ್ಟದ್ದು.

ಸ್ಲಾಟ್ ಡ್ರೈವನ್ನು ರಿಪೇರಿ ಮಾಡಿಸುವುದಕ್ಕಿಂತ ಟ್ರೇ ಇರುವ ಯುಎಸ್‌ಬಿ ಡ್ರೈವ್ ಕೊಂಡು ಬಳಸುವುದು ಅಗ್ಗವೂ ಹೌದು, ಡಿಸ್ಕ್‌ಗಳಿಗೆ ಕ್ಷೇಮವೂ ಹೌದು. ಒಳಗೆ ಬೇಕಾದ ಡಿಸ್ಕ್ ಸಿಕ್ಕಿಕೊಂಡಿದ್ದರೆ ಮಾತ್ರ ಅಂಗಡಿಗೆ ಒಯ್ಯಲೇಬೇಕು. ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಒಯ್ಯುವುದಾದರೆ ಯಂತ್ರ ಪೂರ್ತಿ ಆಫ್ ಆಗಿರಲಿ, ಸ್ಲೀಪ್‌ನಲ್ಲಿ ಬೇಡ. ಸ್ಲಾಟ್‌ನ ಬಾಯಿಗೆ ಕಾಗದದ ಪಟ್ಟಿ ಅಂಟಿಸಿ ಧೂಳು ತಡೆಯಿರಿ. ಯಂತ್ರ ಕೊಡುವಾಗ ಒಳಗೆ ಡಿಸ್ಕ್ ಇದೆ, ಅದು ಡ್ರೈವ್‌ಗಿಂತ ಮುಖ್ಯ, ಡ್ರೈವ್ ಹಾಳಾದರೂ ಪರವಾಗಿಲ್ಲ ಎಂದು ಮೊದಲೇ ಹೇಳಿ, ರಸೀದಿಯ ಮೇಲೂ ಬರೆಸಿ. ಡಿಸ್ಕ್‌ಗೆ ಒಂದು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಜೊತೆಗೇ ಕೊಟ್ಟುಬನ್ನಿ. ಬಾಣದ ಪರೀಕ್ಷೆ ಮಾಡಿದ ಡಿಸ್ಕ್ ಇದ್ದರೆ ಅದನ್ನೂ ತೋರಿಸಿ; ಡ್ರೈವ್‌ನ ಯಾವ ಭಾಗವನ್ನು ಮೊದಲು ನೋಡಬೇಕೆಂಬುದು ಕೆಲಸ ಬಲ್ಲವರಿಗೆ ಅದರಿಂದಲೇ ಅರ್ಥವಾಗುತ್ತದೆ.